ಎರಡನೆಯ ಮೊಸಳೆ

"ಹನ್ನೊಂದ ಮಂದೀನ ಈ ಕೊಪ್ಪರಿಗ್ಯಾಗ ಕುಂದರಿಸಿ, ಹುಟ್ಟ ಹಾಕಿ ದಂಡಿಗಿ ತಂದವ ನಾನ," ಎಂದು ವಿರುಪಾಕ್ಷಪ್ಪ ಮೈಕಿನಲ್ಲಿ ಹೇಳಿ, ಪಕ್ಕದಲ್ಲಿ ಕುಳಿತಿದ್ದ ಸುಗಂಧಾಳ ಕಡೆ ತಿರುಗಿದ. "ಹೌದಿಲ್ಲೋ?"

"ಹೌದ್ರಿ ಸಾವಕಾರ್ರ," ಎಂದಳು ಆಕೆ.

ಅವನ ಎದೆ ಉಬ್ಬಿತು. ಉಗಾರ ಖುರ್ದದ ಗ್ರಂಥಾಲಯದಲ್ಲಿ ಅಂದು ಊರಿನ ಹಳೆಯ ನೆನಪುಗಳನ್ನು ದಾಖಲಿಸುವ ಕಾರ್ಯಕ್ರಮ. 2005ರ ಮಹಾಪೂರದಲ್ಲಿ ದೋಣಿಯಾಗಿದ್ದ ಬೆಲ್ಲದ ಕೊಪ್ಪರಿಗೆಯನ್ನು, ಬೆಲ್ಲ ತಿರುವುವ ಉದ್ದನೆಯ ಹುಟ್ಟಿನ ಸಮೇತ, ಅವನೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿದ್ದ. ಇಪ್ಪತ್ತು ವರ್ಷ ಹೇಳಿ ಹೇಳಿ ಆ ಕಥೆ ಈಗ ಅವನಿಗೇ ನಿಜವೆನಿಸುತ್ತಿತ್ತು. ಸಾಕ್ಷಿಗೆಂದು, ಆಗ ತನ್ನ ಆಲೆಮನೆಯಲ್ಲಿ ದುಡಿಯುತ್ತಿದ್ದ ಸುಗಂಧಾಳನ್ನು ಕರೆತಂದಿದ್ದ. "ನಾ ಅಂದದ್ದಕ್ಕ ಹೂಂ ಅಂದ್ರ ಸಾಕು" ಎಂದು ದಾರಿಯಲ್ಲೇ ತಾಕೀತೂ ಮಾಡಿದ್ದ.

"ಆದ್ರ ಸಾವಕಾರ್ರು ಮೊಸಳೀದ ಹೇಳಲೇ ಇಲ್ಲ," ಎಂದಳು ಸುಗಂಧಾ ಸೆರಗು ಸರಿಪಡಿಸಿಕೊಳ್ಳುತ್ತ.

ಗ್ರಂಥಪಾಲಕಿ ಸ್ನೇಹಲ ಪೆನ್ನು ಎತ್ತಿಕೊಂಡಳು. "ಮೊಸಳೀನೂ ಬಂದಿತ್ತೇನ್ರಿ?"

"ಬಂದಿತ್ರಿ. ಇವರು ಹುಟ್ಟಿಲೆ ಅದರ ಮೂತಿಗಿ ಒಂದ ಕೊಟ್ರ ನೋಡ್ರಿ, ತಿರಗಿ ನೋಡದಂಗ ಹೋತು."

ಜನ ಚಪ್ಪಾಳೆ ತಟ್ಟಿದರು. ವಿರುಪಾಕ್ಷಪ್ಪ ಮೊದಲು ತಬ್ಬಿಬ್ಬಾದ. ಆಮೇಲೆ, ಒಂದು ಮೊಸಳೆ ತಾನೇ, ಇದ್ದರೆ ಇರಲಿ ಎನಿಸಿತು. ಕೈ ತಾನಾಗಿ ಮೀಸೆಗೆ ಹೋಯಿತು.

"ಎರಡನೇದ ಮಾತ್ರ ಭಾಳ ಹಟಮಾರಿ," ಸುಗಂಧಾ ಮುಂದುವರಿಸಿದಳು. "ಅದಕ್ಕ ಇವರು ನೀರಿಗಿ ಜಿಗದು, ಈಸಿಕೋತ ಹೋಗಿ, ಬಾಲಾ ಹಿಡದ ಜಗ್ಗಿದ್ರು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾವಕಾರನಿಗೆ ಈಜು ಬರುವುದಿಲ್ಲವೆಂಬುದು ಊರಿಗೇ ಗೊತ್ತು. ಹೊಳೆಯಲ್ಲಿ ಎತ್ತುಗಳ ಮೈ ತೊಳೆಸುವಾಗಲೂ ಅವನು ದಂಡೆಯ ಮೇಲೇ ನಿಂತು ಕೂಗುವವನು.

"ಬಾಯಾರ, ಆ ಮೊಸಳಿ ತಗದ ಬಿಡ್ರಿ," ಎಂದ ವಿರುಪಾಕ್ಷಪ್ಪ ಸ್ನೇಹಲಳತ್ತ ಬಾಗಿ, ದನಿ ಇಳಿಸಿ. "ಎರಡೂ."

"ಹೆಂಗ ತಗೀಲ್ರಿ? ಕಣ್ಣಾರೆ ಕಂಡಾಕಿ ಅಂತ ಅಕಿನ್ನ ಕರಕೊಂಡ ಬಂದವ್ರು ನೀವ. ಮೊಸಳಿ ಸುಳ್ಳಂದ್ರ, ಅಕಿ ಮೊದಲ ಹೌದಂದದ್ದೂ ಸುಳ್ಳಾಗತೈತಲ್ಲ," ಎನ್ನುತ್ತ ಸ್ನೇಹಲ ಹೇಳಿಕೆ ಬರೆದುಕೊಂಡ ಹಾಳೆಯನ್ನು ಸಹಿಗೆಂದು ಅವನ ಮುಂದೆ ಸರಿಸಿದಳು.

ಸುಗಂಧಾ ಏನೂ ಅರಿಯದವಳಂತೆ ಫ್ಯಾನು ನೋಡುತ್ತಿದ್ದಳು. ವಿರುಪಾಕ್ಷಪ್ಪ ಪೆನ್ನು ಹಿಡಿದ, ಕೆಳಗಿಟ್ಟ, ಕುತ್ತಿಗೆ ಒರೆಸಿಕೊಂಡ. ರಾಡಿ ನೀರಿನಲ್ಲಿ ಕೊಪ್ಪರಿಗೆ ಗರಗರ ತಿರುಗಿದ್ದು, ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ಯಾರೂ ಅಳ್ಳಾಡಬ್ಯಾಡ್ರಿ" ಎಂದು ಗದರಿದ್ದು, ಎಲ್ಲ ಬಹಳ ವರ್ಷಗಳ ಮೇಲೆ ಕಣ್ಣೆದುರು ಬಂತು.

"ಹುಟ್ಟ ಹಾಕಿದಾಕಿ ಇಕಿ," ಎಂದ ಕೊನೆಗೆ. "ನಾ ಆ ಹನ್ನೊಂದರಾಗ ಒಬ್ಬವ."

ಸುಗಂಧಾ ಮೈಕನ್ನು ತನ್ನತ್ತ ಎಳೆದುಕೊಂಡಳು. "ಇಷ್ಟ ಹೇಳಾಕ ಎರಡ ಮೊಸಳಿ ಬೇಕಾದೂ ನೋಡ್ರಿ."

ನಗು ನಿಂತ ಮೇಲೆ ಸ್ನೇಹಲ ಇಬ್ಬರನ್ನೂ ಕೊಪ್ಪರಿಗೆಯಲ್ಲಿ ಕೂರಿಸಿ ಫೋಟೊ ತೆಗೆದಳು. ಈಗ ಅದು ಗ್ರಂಥಾಲಯದ ಗೋಡೆಯ ಮೇಲಿದೆ. ಸುಗಂಧಾ ಹುಟ್ಟು ಹಿಡಿದು ಕ್ಯಾಮೆರಾ ನೋಡುತ್ತಿದ್ದಾಳೆ. ವಿರುಪಾಕ್ಷಪ್ಪ ಒಣ ಅಂಗಳದ ನಡುವೆ, ಕೊಪ್ಪರಿಗೆಯ ಅಂಚನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದಾನೆ.