ಹಿಡಿ, ಬಿಡು

ಡ್ರಿಲ್ ಮೇಷ್ಟ್ರಿಗೆ ಮಾತು ಕಡಿಮೆ. ಎಂಟುನೂರು ಮೀಟರ್ ಓಟಕ್ಕೆ ಅವರು ತಮ್ಮ ಶಿಷ್ಯೆಗೆ ಕಲಿಸಿದ್ದು ಎರಡೇ ಮಾತು. "ಹಿಡಿ" ಎಂದರೆ ಕಾಲಿಗೆ ಕಡಿವಾಣ ಹಾಕಬೇಕು. "ಬಿಡು" ಎಂದರೆ ಇರುವ ಉಸಿರನ್ನೆಲ್ಲ ಸುರಿದು ಓಡಬೇಕು. ಆ ಎರಡನೆಯ ಮಾತು ಬರುತ್ತಿದ್ದುದು ಕೊನೆಯ ಇನ್ನೂರು ಮೀಟರ್ ಉಳಿದಾಗ. ಅದಕ್ಕೂ ಮುಂಚೆ ಒಮ್ಮೆಯೂ ಬಂದಿರಲಿಲ್ಲ.

ಅದು ಆ ವರ್ಷದ ಮೊದಲ ಕೂಟ. ಅವಳ ತೊಡೆಯ ಸ್ನಾಯು ಹರಿದು ವಾಸಿಯಾಗಿ ಇನ್ನೂ ಎರಡು ತಿಂಗಳಾಗಿತ್ತಷ್ಟೆ.

"ನೋವೇನಾದ್ರೂ ಐತೇನಮ್ಮ?"

"ಇಲ್ಲ ಸಾರ್," ಎಂದು ಸುಳ್ಳು ಹೇಳಿ ಗೆರೆಗೆ ಹೋಗಿ ನಿಂತಳು.

ಮೊದಲ ಸುತ್ತು ಮುಗಿದು ಗಂಟೆ ಬಾರಿಸಿದಾಗ ಅವಳು ನಾಲ್ಕನೆಯವಳು. ತಿರುವಿಗೆ ಬರುತ್ತಲೇ ತೊಡೆಯೊಳಗೆ ದಬ್ಬಳ ಚುಚ್ಚಿದಂತಾಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ಮೇಷ್ಟ್ರ ಕೂಗು ಕೇಳಿತು.

"ಬಿಡು! ಬಿಡಮ್ಮಾ, ಬಿಡು!"

ಇನ್ನೂ ಮುನ್ನೂರೈವತ್ತು ಮೀಟರ್ ಇದೆ. ಇಷ್ಟು ಬೇಗವೇ? ಆದರೆ ಮೇಷ್ಟ್ರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಹಲ್ಲು ಕಚ್ಚಿ ಬಿಟ್ಟಳು. ಇಬ್ಬರು ಹಿಂದಾದರು. ಮೂರನೆಯವಳನ್ನು ಕೊನೆಯ ಗೆರೆಗೆ ಎರಡು ಹೆಜ್ಜೆ ಇರುವಾಗ ದಾಟಿ, ಹುಲ್ಲಿನ ಮೇಲೆ ಕುಸಿದಳು.

ಮೇಷ್ಟ್ರು ಐಸು ಸುತ್ತಿದ ಟವೆಲ್ ಹಿಡಿದು ಓಡಿಬಂದರು.

"ಅಷ್ಟು ದೂರದಿಂದ ಬಿಟ್ರೂ ಗೆಲ್ತೀನಿ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಸಾರ್?"

ಅವರು ಅವಳ ತೊಡೆಗೆ ಟವೆಲ್ ಒತ್ತಿದರು.

"ಕುಂಟ್ತಾ ಇದ್ದೆ ಕಣಮ್ಮಾ ನೀನು. ಓಟಾನೇ ಬಿಟ್ಟು ಬಾ ಅಂತ ಕೂಗಿದ್ದು ನಾನು."