ಕಾಶಿಯ ಗಿಂಡಿ

ಮೊಮ್ಮಕ್ಕಳ ತಲೆ ಸವರಿ, ಮಗನನ್ನು ಹರಸಿ, ಅತ್ತೆ ಎಲ್ಲರನ್ನೂ ಬೀಳ್ಕೊಂಡಿದ್ದರು.

"ಇನ್ನು ಬಾಯಿಗೆ ಗಂಗೆ ಬಿಡೇ, ನೆಮ್ಮದಿಯಾಗಿ ಹೊರಡ್ತೀನಿ."

ಸೊಸೆ ಗಿಂಡಿ ತರಲು ಎದ್ದಳು. ಅತ್ತೆ ಕಾಶಿಯಿಂದ ತಂದಿದ್ದು ಎರಡು ಗಿಂಡಿ. ಒಂದರ ನೀರು ಕುಡಿದು ಮಾವ ನಗುತ್ತಲೇ ಕಣ್ಣು ಮುಚ್ಚಿದ್ದರು. ಇನ್ನೊಂದು, ಹೋದ ದೀಪಾವಳಿಗೆ ಬೆಳಗುವಾಗ ಇವಳ ಕೈಜಾರಿ, ಬಾಯಿಗೆ ಮೆತ್ತಿದ್ದ ಅರಗು ಒಡೆದು ಪೂರ್ತಿ ಚೆಲ್ಲಿತ್ತು. ನಲ್ಲಿ ನೀರು ತುಂಬಿ, ಮತ್ತೆ ಅರಗು ಮೆತ್ತಿ, ಯಾರಿಗೂ ಹೇಳದೆ ದೇವರ ಗೂಡಿನಲ್ಲಿಟ್ಟಿದ್ದಳು.

ಗಿಂಡಿ ಹಿಡಿದು ನಾಲ್ಕು ಸಲ ಒಳಗೂ ಹೊರಗೂ ತಿರುಗಿದಳು. ಕೊನೆಗೆ ತಡೆಯಲಾರದೆ, ಅತ್ತೆಯ ಕಿವಿಗೆ ಬಗ್ಗಿ ಎಲ್ಲವನ್ನೂ ಹೇಳಿಬಿಟ್ಟಳು.

"ಮೆಲ್ಲಗೆ ಮಾತಾಡು, ನನ್ನ ಮಗನಿಗೆ ಕೇಳಿಸೀತು," ಅತ್ತೆ ಬಾಯಿ ತೆರೆದರು. "ಎರಡೂ ರೈಲಲ್ಲೇ ಸೋರಿಹೋಗಿದ್ವು. ನಿನ್ನ ಮಾವನವರಿಗೆ ನಾನು ಬಿಟ್ಟಿದ್ದೂ ನಲ್ಲಿ ನೀರೇ ಕಣೇ."