ವಿಜಾಪುರದಿಂದ ಬಂದ ಸವಾರಿ

ಧೋತರದ ಕೆಳಗೆ ಪೊಲೀಸರಂಥ ಬೂಟು. ಬಂದದ್ದು ವಿಜಾಪುರದ ರೈಲಿನಲ್ಲಿ. ಟಾಂಗಾ ಹೊಡೆಯುವ ಯಾಕೂಬಸಾಬನಿಗೆ ಸಂಶಯ ಉಳಿಯಲಿಲ್ಲ: ಈ ಸವಾರಿ ಪೊಲೀಸಿನವನೇ. ಕುದುರೆಯ ಪಟ್ಟಿ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿಯೇ ನಿಂತ. ಅಷ್ಟರಲ್ಲಿ ಹಮಾಲನೊಬ್ಬ ಕಂಬಳಿ ಹೊದ್ದ ರೋಗಿಯನ್ನು ಟಾಂಗಾದ ಹಿಂದಿನ ಸೀಟಿಗೆ ಏರಿಸಿದ. ದವಾಖಾನೆಯ ಗಿರಾಕಿ ಇರಬೇಕು. ಬೂಟಿನವನು ಮಾತ್ರ ಮುಂದೆ ಬಂದು ಯಾಕೂಬಸಾಬನ ಮಗ್ಗುಲಿಗೇ ಕುಳಿತು, ಊರೊಳಗೆ ನಡೆಯಲಿ ಎಂದ.

ಮೊದಲ ಮಹಾಚುನಾವಣೆ ಮುಗಿದ ವರ್ಷ ಅದು. ಬಾಗಲಕೋಟೆಯಲ್ಲಿ ಟಾಂಗಾ ಹೊಡೆಯುವವರ ಹಿಂದಿನ ನಡತೆಯನ್ನು ಪೊಲೀಸರಿಂದ ತಪಾಸ ಮಾಡಿಸಿ, ಅಪರಾಧದ ಸೋಂಕಿಲ್ಲದವರಿಗಷ್ಟೇ ಹಿತ್ತಾಳೆಯ ಬಿಲ್ಲೆ ಕೊಡಬೇಕೆಂದು ಪುರಸಭೆ ಠರಾವು ಮಾಡಿತ್ತು. ಬಿಲ್ಲೆ ಇಲ್ಲದವನು ಕುದುರೆ ಮಾರಿಕೊಳ್ಳಬೇಕು. ತಪಾಸಿನವರು ಸಾದಾ ಉಡುಪಿನಲ್ಲಿ, ಸವಾರಿಯ ಹಾಗೆಯೇ ಬಂದು ಕೂರುತ್ತಾರೆಂದು ಸ್ಟ್ಯಾಂಡಿನಲ್ಲಿ ಗುಲ್ಲೆದ್ದಿತ್ತು.

“ನಿನಗ್ಯಾಕಲೇ ಅಂಜಿಕಿ? ಕುದರಿ ಬಿಟ್ರ ಯಾರನ್ನೂ ಹೊಡದಾವಲ್ಲ ನೀ,” ಎಂದು ಜೊತೆಯ ಟಾಂಗಾದ ಖಾಸಿಂಸಾಬ ಚೇಷ್ಟೆ ಮಾಡಿದ್ದ. ಯಾಕೂಬಸಾಬ ನಕ್ಕಿರಲಿಲ್ಲ.

ಸವಾರಿಯವನು ಮೊದಲು ಕುದುರೆಯ ವಯಸ್ಸು ಕೇಳಿದ. ಆಮೇಲೆ ಬಿಲ್ಲೆಯ ಸುದ್ದಿ ತೆಗೆದ. ಇನ್ನೂ ಕೈಗೆ ಬಂದಿಲ್ಲ, ತಪಾಸ ನಡೆದಿದೆ ಎಂದು ಯಾಕೂಬಸಾಬ ತಗ್ಗಿದ ದನಿಯಲ್ಲಿ ಹೇಳಿದ. ಸವಾರಿಯವನು ಮತ್ತೆ ಕೇಳಿದ:

“ಹುನಗುಂದದ ಮುದಕಪ್ಪ ಗುರುತದಾನೇನ್ರಿ?”

ಯಾಕೂಬಸಾಬ ಬೇಕಿಲ್ಲದೆಯೂ ಕುದುರೆಗೆ ಚಾಟಿ ಬೀಸಿದ.

ಬಹಳ ವರ್ಷಗಳ ಹಿಂದಿನ ಮಾತು. ಹುನಗುಂದದಲ್ಲಿ ಒಂದು ಹತ್ತಿಯ ಗೋದಾಮು. ಒಳಗೆ ನುಗ್ಗಿದವರು ಇಬ್ಬರು. ಅಡ್ಡ ಬಂದ ಕಾವಲುಗಾರನ ತಲೆಗೆ ಹಾರೆ ಬೀಸಿದವನು ಯಾಕೂಬಸಾಬ, ಸಿಕ್ಕಿಬಿದ್ದವನು ಮುದಕಪ್ಪ. ಎಷ್ಟು ಬಡಿದರೂ ಎರಡನೆಯ ಹೆಸರು ಮುದಕಪ್ಪನ ಬಾಯಿಂದ ಬರಲಿಲ್ಲ. ಅವನೊಬ್ಬನೇ ವಿಜಾಪುರದ ಜೈಲು ಸೇರಿದ. ಯಾಕೂಬಸಾಬ ಊರು ಬಿಟ್ಟು ಬಾಗಲಕೋಟೆಗೆ ಬಂದ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಜೈಲಿನ ಕಡೆ ಹೋಗಿರಲಿಲ್ಲ.

ಹಿಂದೆ ಕುಳಿತ ರೋಗಿ ಕೆಮ್ಮಿದ. ಸವಾರಿಯವನು ಅತ್ತ ಒಮ್ಮೆ ಹೊರಳಿ ನೋಡಿ ಮತ್ತೆ ಮಾತಿಗೆ ಬಂದ. ಅವನ ದನಿ ಈಗ ಇನ್ನೂ ಮೆತ್ತಗಿತ್ತು.

“ನೀವಿಬ್ರೂ ಜೀವದ ಗೆಳ್ಯಾರಂತ ಕೇಳೇನಿ.”

ಗುರುತಿಲ್ಲ ಎಂದರೆ ಇವನು ನಂಬುವುದಿಲ್ಲ. ಹೌದೆಂದರೆ ಬಿಲ್ಲೆ ಹೋಯಿತು. ಯಾಕೂಬಸಾಬ ರಸ್ತೆಗೆ ಉಗುಳಿದ.

“ಎಲ್ಲೀ ಗೆಳ್ಯಾರ್ರಿ? ಕಳ್ಳ ಅಂವಾ. ಪಾಪದ ಕಾವಲುಗಾರನ ತಲಿ ಒಡದಾವ. ಅಂಥಾವ ಜೈಲಿನ್ಯಾಗ ಸಾಯೂದ ಚೊಲೊ. ನಾಳೆ ಬಿಟ್ಟು ಕಳಿಸಿದ್ರೂ ನನ್ನ ಹೊಸ್ತಲಾ ತುಳ್ಯಾಕ ಬಿಡಾಂವಲ್ಲ ನಾ.”

ಸವಾರಿಯವನು ಮುಖ ತಿರುಗಿಸಿ ರಸ್ತೆಯ ಕಡೆ ನೋಡತೊಡಗಿದ. ಯಾಕೂಬಸಾಬನ ಎದೆ ನಿಧಾನವಾಗಿ ಹಗುರಾಯಿತು. ಗೆದ್ದೆ ಅನ್ನಿಸಿತು. ದವಾಖಾನೆಯ ತಿರುವು ಕಂಡಾಗ ಅವನು ಕುದುರೆಯನ್ನು ತಡೆದು, ಬಲು ವಿನಯದಿಂದ ಕೇಳಿದ:

“ತಮ್ಮನ್ನೆಲ್ಲಿ ಇಳಸಲ್ರಿ, ಸಾಹೇಬ್ರ?”

“ಅಪ್ಪನ್ನ ಕೇಳ್ರಿ,” ಎಂದು ಅವನು ಹಿಂದಿನ ಸೀಟಿನತ್ತ ಕೈ ಮಾಡಿದ.

ಕಂಬಳಿಯೊಳಗಿಂದ ಮುದಕಪ್ಪನ ದನಿ ಬಂತು: “ಇಲ್ಲೇ ದವಾಖಾನಿ ಮುಂದ ಇಳಸು, ಯಾಕೂಬಾ. ನಿನ್ನ ಮನಿಗಂತ ಹೊಂಟಿದ್ವಿ.”